ಪುನರುತ್ಥಾನವನ್ನು ಪುನರ್ಜನ್ಮವೆಂದು ಬರೆಯದಿರಿ

ಮಾನ್ಯ ಸಂಪಾದಕರೇ,

ಈಸ್ಟರ್ ಹತ್ತಿರ ಬಂದಂತೆ ಪ್ರತಿವರ್ಷವೂ ಪತ್ರಿಕೆಗಳ ಪುರವಣಿಗಳಲ್ಲಿ, ಟಿ.ವಿ. ವಾಹಿನಿಗಳಲ್ಲಿ, ಸ್ನೇಹಿತರು ಪ್ರೀತಿಯಿಂದ ಕಳಿಸುವ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ‘ಯೇಸುಸ್ವಾಮಿಯ ಪುನರ್ಜನ್ಮದ ಹಬ್ಬ’ ಎಂಬ ಮಾತು ಕಣ್ಣಿಗೆ ಬೀಳುತ್ತದೆ. ಹೋದ ವರ್ಷ ನಮ್ಮ ಪಕ್ಕದ ಮನೆಯ ಹಿರಿಯರು ಹಬ್ಬದ ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ‘ಮಾಷ್ಟ್ರೇ, ನಿಮ್ಮ ದೇವರು ಮತ್ತೆ ಹುಟ್ಟಿದ ದಿನವಂತೆ, ಶುಭಾಶಯ’ ಎಂದು ಕೈಮುಗಿದರು. ನಾನೂ ಕೈಮುಗಿದು, ಮನೆಯಲ್ಲಿ ಮಾಡಿದ ತಿಂಡಿ ಕೊಟ್ಟು ಕಳಿಸಿದೆ. ಅವರ ಸೌಜನ್ಯಕ್ಕೆ ನಾನು ಋಣಿ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನಿಗೆ, ಅದಕ್ಕಿಂತ ಮೊದಲೇ ಕ್ರೈಸ್ತ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ, ಆ ಒಂದು ಪದ ವರ್ಷವಿಡೀ ಮನಸ್ಸಿನಲ್ಲಿ ಉಳಿಯಿತು. ಹಬ್ಬದ ಅರ್ಥವೆಲ್ಲ ಆ ಪದದಲ್ಲೇ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಪುನರ್ಜನ್ಮ ಎಂಬುದು ನಮ್ಮ ನಾಡಿನ ಬಹುಪಾಲು ಜನರ ನಂಬಿಕೆಯಲ್ಲಿ ಆಳವಾಗಿ ಬೇರೂರಿದ, ತನ್ನದೇ ಆದ ತತ್ತ್ವವುಳ್ಳ ಮಾತು. ಜೀವವು ಒಂದು ದೇಹವನ್ನು ಬಿಟ್ಟು, ಕರ್ಮಕ್ಕೆ ತಕ್ಕಂತೆ ಇನ್ನೊಬ್ಬ ತಾಯಿಯ ಗರ್ಭವನ್ನು ಸೇರಿ, ಇನ್ನೊಂದು ಹೆಸರಿನಲ್ಲಿ ಬದುಕು ಕಟ್ಟಿಕೊಳ್ಳುವುದು ಅದರ ಅರ್ಥ. ಆ ನಂಬಿಕೆಯ ಬಗ್ಗೆ ನನಗೆ ಗೌರವವಿದೆ, ಅದನ್ನು ಖಂಡಿಸುವ ಉದ್ದೇಶ ನನ್ನದಲ್ಲ. ಆದರೆ ಈಸ್ಟರ್ ದಿನ ಕ್ರೈಸ್ತರು ಸಾರುವ ಸಂಗತಿಯೇ ಬೇರೆ. ಶುಕ್ರವಾರ ಶಿಲುಬೆಯ ಮೇಲೆ ಸತ್ತು, ಸಂಜೆಯಾಗುವುದರೊಳಗೆ ಅರಿಮಥಾಯದ ಯೋಸೇಫನ ಕೈಯಿಂದ ಕಲ್ಲಿನಲ್ಲಿ ಕೊರೆದ ಸಮಾಧಿ ಸೇರಿದ ನಜರೇತಿನ ಯೇಸು, ಅದೇ ಹೆಸರಿನಲ್ಲಿ, ಅದೇ ದೇಹದಲ್ಲಿ, ಮೂರನೆಯ ದಿನ ಎದ್ದನು, ಮತ್ತೆಂದೂ ಸಾಯದ ಬದುಕಿಗೆ ಎದ್ದನು ಎಂಬುದು ನಮ್ಮ ನಂಬಿಕೆ.

ಕನ್ನಡ ಬೈಬಲಿನಲ್ಲಿ ಇದಕ್ಕೆ ಬಳಕೆಯಾಗಿರುವ ‘ಪುನರುತ್ಥಾನ’ ಎಂಬ ಪದ ಬಹಳ ಉಚಿತವಾದದ್ದು. ‘ಉತ್ಥಾನ’ವೆಂದರೆ ಏಳುವುದು. ಕಾರ್ತಿಕ ಮಾಸದಲ್ಲಿ ತುಳಸಿಕಟ್ಟೆಗೆ ದೀಪ ಹಚ್ಚುವ ಉತ್ಥಾನ ದ್ವಾದಶಿಯು ವಿಷ್ಣು ಯೋಗನಿದ್ರೆಯಿಂದ ಏಳುವ ದಿನವೆಂದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ಅದನ್ನು ಯಾರೂ ವಿಷ್ಣುವಿನ ಜನ್ಮದಿನವೆನ್ನುವುದಿಲ್ಲ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಅನಸ್ತಾಸಿಸ್’ ಎಂಬ ಪದಕ್ಕೂ ಎದ್ದು ನಿಲ್ಲುವುದು ಎಂದೇ ಅರ್ಥ. ಅದರ ಜೊತೆಯಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಕ್ರಿಯಾಪದವಂತೂ ಮಲಗಿದವರನ್ನು ಎಬ್ಬಿಸುವುದಕ್ಕೆ ಜನ ದಿನನಿತ್ಯ ಆಡುತ್ತಿದ್ದ ಮಾತು. ಯೇಸುವಿನ ತಾಯ್ನುಡಿಯಾದ ಅರಮಾಯಿಕ್‌ನ ಕೆಲವೇ ನುಡಿಗಳು, ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನಲ್ಲಿ ಅವನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಹಾಗೆಯೇ ಉಳಿದಿವೆ. ಅವುಗಳಲ್ಲಿ ಒಂದು, ಯಾಯೀರನೆಂಬವನ ಹನ್ನೆರಡು ವರ್ಷದ ಮಗಳು ತೀರಿಕೊಂಡ ಮನೆಯಲ್ಲಿ ಯೇಸು ಅವಳ ಕೈಹಿಡಿದು ಆಡಿದ ‘ತಲಿಥಾ ಕೂಮ್’ ಎಂಬುದು. ಮಗಳೇ, ಏಳು. ಶಾಲೆಗೆ ಹೊತ್ತಾಯಿತೆಂದು ತಾಯಿ ಮಗುವನ್ನು ಎಬ್ಬಿಸುವಾಗ ಹೇಳುವ ಮಾತಿಗಿಂತ ಒಂದು ಅಕ್ಷರ ಹೆಚ್ಚಿಲ್ಲ. ಹುಡುಗಿ ಎದ್ದು ಓಡಾಡತೊಡಗಿದಾಗ, ಅವಳಿಗೆ ಊಟಕ್ಕೆ ಏನಾದರೂ ಕೊಡಿರೆಂದು ಅವನು ಹೇಳಿದನೆಂದೂ ಮಾರ್ಕನು ಬರೆದಿದ್ದಾನೆ. ಸತ್ತು ಎದ್ದವಳಿಗೆ ಹಸಿವಾಗಿರುತ್ತದೆಂಬ ಆ ಗಮನವನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ತುಂಬಿ ಬರುತ್ತದೆ.

ಆದರೂ ಯಾಯೀರನ ಮಗಳಿಗೆ, ನಾಲ್ಕು ದಿನ ಸಮಾಧಿಯಲ್ಲಿದ್ದು ಹೊರಬಂದ ಬೇಥಾನ್ಯದ ಲಾಜರನಿಗೆ ಆದದ್ದು ಈಸ್ಟರ್‌ನ ಪುನರುತ್ಥಾನವಲ್ಲ. ಅವರು ಹಿಂದಿನ ಬದುಕಿಗೆ ಮರಳಿದರು, ಕಾಲ ಬಂದಾಗ ಮತ್ತೆ ಸತ್ತರು. ಕ್ರಿಸ್ತನು ಸಾವಿನ ಆಚೆಯ ದಡಕ್ಕೆ ಎದ್ದನೆಂದು ನಾವು ನಂಬುತ್ತೇವೆ. ಹಾಗೆಯೇ, ದೇಹ ಅಳಿದರೂ ಆತ್ಮ ಉಳಿಯುತ್ತದೆ ಎಂಬ ಸಾಮಾನ್ಯ ಸಮಾಧಾನದ ಮಾತಿನ ಇನ್ನೊಂದು ರೂಪವೂ ಇದಲ್ಲ. ಹಾಗಿದ್ದಿದ್ದರೆ, ಕ್ರಿಸ್ತನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲನಿಗೆ ಗ್ರೀಸಿನ ಅಥೇನೆ ಪಟ್ಟಣದಲ್ಲಿ ಅಷ್ಟು ಕಷ್ಟವಾಗುತ್ತಿರಲಿಲ್ಲ. ಆತ್ಮದ ಅಮರತ್ವದ ಮಾತು ಆ ಊರಿನ ಪಂಡಿತರಿಗೆ ಹೊಸದೇನೂ ಆಗಿರಲಿಲ್ಲ. ಸತ್ತವರು ಎದ್ದು ಬರುವರೆಂಬ ಮಾತು ಅವನ ಬಾಯಿಂದ ಬಂದ ಕ್ಷಣ ಕೆಲವರು ಗೇಲಿ ಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು. ಯೆಹೂದ್ಯರಲ್ಲೇ ಈ ಬಗ್ಗೆ ಒಮ್ಮತವಿರಲಿಲ್ಲ. ಕಾಲದ ಕೊನೆಯಲ್ಲಿ ದೇವರು ಸತ್ತವರನ್ನು ಎಬ್ಬಿಸಿ ನ್ಯಾಯ ತೀರಿಸುವನೆಂದು ಫರಿಸಾಯರೆಂಬ ಪಂಗಡದವರು ನಂಬುತ್ತಿದ್ದರು, ದೇವಾಲಯದ ಅಧಿಕಾರ ಹಿಡಿದಿದ್ದ ಸದ್ದುಕಾಯರು ಅದನ್ನು ಒಪ್ಪುತ್ತಿರಲಿಲ್ಲ. ಎಲ್ಲರಿಗೂ ಕೊನೆಯಲ್ಲಿ ಆಗಬೇಕಾದದ್ದು ಒಬ್ಬನಿಗೆ ಈಗಲೇ, ಚರಿತ್ರೆಯ ನಡುವೆಯೇ ಆಗಿಹೋಗಿದೆ ಎಂಬುದು ಶಿಷ್ಯರು ತಂದ ಹೊಸ ಸುದ್ದಿ. ಅದಕ್ಕೇ ಪೌಲನು ಕ್ರಿಸ್ತನನ್ನು ‘ಪ್ರಥಮಫಲ’ವೆಂದು ಕರೆಯುತ್ತಾನೆ. ಹೊಲದ ಮೊದಲ ತೆನೆ ಮನೆಗೆ ಬಂತೆಂದರೆ ಉಳಿದ ಪೈರೂ ಬರಲಿದೆ ಎಂದು ಒಕ್ಕಲು ಮನೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇದನ್ನು ಸಾಬೀತು ಮಾಡಬಲ್ಲಿರಾ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದುಂಟು. ಪ್ರಯೋಗಶಾಲೆಯಲ್ಲಿ ತೋರಿಸುವ ಅರ್ಥದಲ್ಲಿ ಸಾಧ್ಯವಿಲ್ಲ; ಇದು ನಂಬಿಕೆ, ಸಾಕ್ಷಿಗಳ ಮಾತಿನ ಮೇಲೆ ನಿಂತ ನಂಬಿಕೆ. ಆ ಸಾಕ್ಷ್ಯ ಎಷ್ಟು ಹಳೆಯದು, ಯಾವ ಬಗೆಯದು ಎಂಬುದನ್ನಷ್ಟೇ ಹೇಳಬಲ್ಲೆ. ಪೌಲನು ಎಫೆಸದಿಂದ ಕೊರಿಂಥದವರಿಗೆ ಪತ್ರ ಬರೆದದ್ದು ಕ್ರಿ.ಶ. 53-55ರ ಸುಮಾರಿಗೆ, ಎಂದರೆ ಯೇಸು ಸತ್ತು ಕಾಲು ಶತಮಾನವಾದಾಗ. ಆ ಪತ್ರದ 15ನೆಯ ಅಧ್ಯಾಯದಲ್ಲಿ ಅವನು ತನ್ನ ಸ್ವಂತ ಮಾತನ್ನು ನಿಲ್ಲಿಸಿ, ತನಗೆ ಹಿಂದಿನವರಿಂದ ಬಂದದ್ದನ್ನು ಒಪ್ಪಿಸುತ್ತಾನೆ: ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಕೇಫನಿಗೆ (ಎಂದರೆ ಶಿಷ್ಯ ಪೇತ್ರನಿಗೆ) ಕಾಣಿಸಿಕೊಂಡನು, ಹನ್ನೆರಡು ಮಂದಿ ಶಿಷ್ಯರಿಗೆ ಕಾಣಿಸಿಕೊಂಡನು, ಆಮೇಲೆ ಒಂದೇ ಸಮಯದಲ್ಲಿ 500ಕ್ಕಿಂತ ಹೆಚ್ಚು ಮಂದಿಗೆ ಕಾಣಿಸಿಕೊಂಡನು. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದು ಅವನು ಸೇರಿಸುವಾಗ, ಅನುಮಾನವಿದ್ದವರು ಹೋಗಿ ಕೇಳಬಹುದು ಎಂಬ ಧ್ವನಿ ಅಲ್ಲಿದೆ. ಕ್ರಿಸ್ತನು ಎದ್ದು ಬರಲಿಲ್ಲವಾದರೆ ನಮ್ಮ ಬೋಧನೆಯೂ ಹುರುಳಿಲ್ಲದ್ದು, ನಿಮ್ಮ ನಂಬಿಕೆಯೂ ಹುರುಳಿಲ್ಲದ್ದು ಎಂದು ಬರೆದವನೂ ಅವನೇ. ತನ್ನ ಧರ್ಮವನ್ನೆಲ್ಲ ಒಂದೇ ಸಂಗತಿಯ ಮೇಲೆ ಹೀಗೆ ಪಣಕ್ಕಿಟ್ಟು ಮಾತನಾಡುವ ಧೈರ್ಯ ನನ್ನನ್ನು ಚಿಕ್ಕಂದಿನಿಂದಲೂ ಸೆಳೆದಿದೆ.

ನಾಲ್ಕು ಸುವಾರ್ತೆಗಳ ವಿವರಗಳು ಒಂದಕ್ಕೊಂದು ಪೂರ್ತಿಯಾಗಿ ಹೊಂದುವುದಿಲ್ಲ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಸಮಾಧಿಗೆ ಹೋದ ಹೆಂಗಸರು ಮಾರ್ಕನಲ್ಲಿ ಮೂವರು, ಮತ್ತಾಯನಲ್ಲಿ ಇಬ್ಬರು. ಯೋಹಾನನು ಹೆಸರಿಸುವುದು ಮಗ್ದಲದ ಮರಿಯಳೊಬ್ಬಳನ್ನೇ. ಒಳಗೆ ಕಂಡವನು ಒಬ್ಬ ಯುವಕನೆಂದು ಮಾರ್ಕನು ಹೇಳಿದರೆ, ಲೂಕನು ಇಬ್ಬರೆನ್ನುತ್ತಾನೆ. ಆದರೆ ಮೊದಲು ಹೋದವರು, ಮೊದಲು ತಿಳಿದವರು ಹೆಂಗಸರೇ ಎಂಬುದರಲ್ಲಿ ನಾಲ್ವರೂ ಒಂದೇ. ಹೆಂಗಸರ ಸಾಕ್ಷ್ಯವನ್ನು ಒಪ್ಪಬಾರದೆಂದು ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಮುಂದಿನ ಶತಮಾನದಲ್ಲಿ ಕ್ರೈಸ್ತರನ್ನು ಟೀಕಿಸಿದ ಕೆಲ್ಸಸ್‌ ಎಂಬ ಗ್ರೀಕ್ ಲೇಖಕನು, ತಲೆಕೆಟ್ಟ ಹೆಂಗಸಿನ ಮಾತನ್ನು ನಂಬಿದ್ದೀರೆಂದು ಹೀಯಾಳಿಸಿದ. ಕಟ್ಟುಕಥೆ ಹೆಣೆಯುವವರು ತಮ್ಮ ಕಾಲದ ಪಂಚಾಯಿತಿಯಲ್ಲಿ ನಿಲ್ಲದ ಸಾಕ್ಷಿಯನ್ನು ಮೊದಲು ನಿಲ್ಲಿಸುತ್ತಿದ್ದರೇ ಎಂದು ನಾನು ಕೇಳಿಕೊಳ್ಳುತ್ತೇನೆ. ಮಾರ್ಕನ ಸುವಾರ್ತೆಯಂತೂ, ನಮಗೆ ದೊರೆತಿರುವ ಅತ್ಯಂತ ಹಳೆಯ ಪೂರ್ಣ ಪ್ರತಿಗಳಲ್ಲಿ, ಆ ಹೆಂಗಸರು ನಡುಗುತ್ತ ಸಮಾಧಿಯಿಂದ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ನಿಂತುಬಿಡುತ್ತದೆ. ಮೊದಲ ಈಸ್ಟರ್ ಬೆಳಗಿನಲ್ಲಿ ವಿಜಯದ ಜೈಕಾರ ಇರಲಿಲ್ಲ, ದಿಗಿಲು ಇತ್ತು. ನನಗೆ ಆ ದಿಗಿಲೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇನ್ನು ಗಾಯಗಳ ವಿಷಯ. ಪುನರುತ್ಥಾನದ ಅರ್ಥ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ಯೋಹಾನನ 20ನೆಯ ಅಧ್ಯಾಯವನ್ನು ತೆರೆದು ಕೊಡುತ್ತೇನೆ. ಮೊಳೆ ಹೊಡೆದ ಗುರುತನ್ನು ಮುಟ್ಟಿ ನೋಡದೆ ನಂಬುವುದಿಲ್ಲವೆಂದು ಶಿಷ್ಯ ತೋಮನು ಹಟ ಹಿಡಿದ. ಎಂಟು ದಿನದ ಮೇಲೆ ಯೇಸು ಬಂದು ಕೈಗಳನ್ನೂ ಪಕ್ಕೆಯನ್ನೂ ಅವನ ಮುಂದೆ ಚಾಚಿದ. ಸಾವನ್ನು ಗೆದ್ದ ದೇಹದಲ್ಲಿ ಗಾಯದ ಕಲೆಗಳೇಕೆ ಉಳಿದವು? ಮುಚ್ಚಿದ ಬಾಗಿಲಿನ ಒಳಗೆ ಬಂದು ನಿಲ್ಲಬಲ್ಲ ದೇಹಕ್ಕೆ ಆ ತೂತುಗಳನ್ನು ಮುಚ್ಚಿಕೊಳ್ಳುವುದು ದೊಡ್ಡ ಮಾತಾಗಿತ್ತೇ? ಅವನು ಅವುಗಳನ್ನು ಅಳಿಸಲಿಲ್ಲ, ಮರೆಮಾಡಲಿಲ್ಲ, ಗುರುತಿನ ಚೀಟಿಯಂತೆ ಎತ್ತಿ ತೋರಿಸಿದ. ನಮ್ಮ ಕರಾವಳಿಯ ಕಥೋಲಿಕ ಚರ್ಚುಗಳಲ್ಲಿ ಶನಿವಾರ ರಾತ್ರಿಯ ಜಾಗರಣೆಯಲ್ಲಿ, ಹೊರಗೆ ಹೊಸದಾಗಿ ಉರಿಸಿದ ಬೆಂಕಿಯಿಂದ ಹಚ್ಚುವ ಪಾಸ್ಖ (ಈಸ್ಟರ್) ಮೇಣದಬತ್ತಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ: ಅದರ ಮೇಲೆ ಶಿಲುಬೆಯ ಗುರುತು, ಆ ವರ್ಷದ ನಾಲ್ಕು ಅಂಕಿಗಳು, ಶಿಲುಬೆಗೆ ಚುಚ್ಚಿದ ಐದು ಧೂಪದ ಹರಳುಗಳು ಇರುತ್ತವೆ. ಆ ಐದೂ ಐದು ಗಾಯಗಳು. ಹಬ್ಬದ ದೀಪವೇ ಗಾಯಗಳನ್ನು ಹೊತ್ತು ಉರಿಯುತ್ತದೆ.

ಈ ಗಾಯಗಳು ಅಪಘಾತದಲ್ಲಿ ಆದವಲ್ಲ ಎಂಬುದನ್ನು ನಾವು ಕ್ರೈಸ್ತರೇ ಬಹಳ ಸಲ ಮರೆಯುತ್ತೇವೆ. ರೋಮಿನ ಅಧಿಪತಿ ಪೊಂತ್ಯ ಪಿಲಾತನ ಆಜ್ಞೆಯಂತೆ, ಕಾನೂನಿನ ಹೆಸರಿನಲ್ಲಿ, ಗುಲಾಮರಿಗೂ ಬಂಡುಕೋರರಿಗೂ ಕೊಡುತ್ತಿದ್ದ ಶಿಕ್ಷೆಯನ್ನು ಅವನಿಗೆ ಕೊಡಲಾಯಿತು. ದಾರಿಹೋಕರು ನೋಡಿ ಹೆದರಲಿ ಎಂದೇ ಊರ ಹೊರಗೆ, ಹಾದಿಯ ಬದಿಯಲ್ಲಿ ನೆಡುತ್ತಿದ್ದ ಕಂಬ ಅದು. ಪೇತ್ರನು ಯೆರೂಸಲೇಮಿನಲ್ಲಿ ಮೊದಲ ಬಾರಿ ಜನರ ಮುಂದೆ ಎದ್ದು ನಿಂತಾಗ ಹೇಳಿದ್ದು ಇಷ್ಟೇ: ನೀವು ಅವನನ್ನು ಕೊಂದಿರಿ, ದೇವರು ಅವನನ್ನು ಎಬ್ಬಿಸಿದನು. ಪುನರುತ್ಥಾನವೆಂದರೆ ಒಂದು ತೀರ್ಪು ರದ್ದಾದ ಸುದ್ದಿ. ಅಧಿಕಾರ ಯಾರನ್ನು ಅಪರಾಧಿಯೆಂದು ಹೊರಗೆ ಹಾಕಿತೋ ಅವನೇ ಸರಿ ಎಂದು ದೇವರು ಸಹಿ ಹಾಕಿದ ಸುದ್ದಿ. ಅನ್ಯಾಯವಾಗಿ ಸತ್ತವರ ಲೆಕ್ಕ ಮುಗಿದಿಲ್ಲ, ಕೊಂದವನ ಮಾತೇ ಕೊನೆಯ ಮಾತಲ್ಲ ಎಂಬ ಈ ಅರ್ಥ, ‘ಪುನರ್ಜನ್ಮ’ ಎಂದು ಬರೆದ ಕೂಡಲೇ ಕೈಜಾರಿ ಹೋಗುತ್ತದೆ. ಇನ್ನೊಂದು ಜನ್ಮದಲ್ಲಿ ಇನ್ನಾರೋ ಸುಖವಾಗಿದ್ದರೆ ಈ ಕೈಗಳಿಗೆ ಹೊಡೆದ ಮೊಳೆಗೆ ಉತ್ತರ ಸಿಕ್ಕಿದಂತಾಗುವುದಿಲ್ಲ.

ಉತ್ತರ ಸಿಕ್ಕ ಬಗೆಯೂ ಗಮನಿಸತಕ್ಕದ್ದು. ಎದ್ದುಬಂದವನು ಪಿಲಾತನ ಅರಮನೆಗೆ ಹೋಗಿ ಅವನನ್ನು ನಡುಗಿಸಲಿಲ್ಲ. ತಿಬೇರಿಯ ಸಮುದ್ರವೆಂದು ಕರೆಯುವ ಗಲಿಲಾಯದ ಸರೋವರದ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರಾತ್ರಿಯಿಡೀ ಬಲೆ ಬೀಸಿ ದಣಿದು ಬಂದ ಶಿಷ್ಯರನ್ನು ಊಟಕ್ಕೆ ಕರೆದ. ಯೋಹಾನನು ಆ ಬೆಂಕಿಗೆ ಬಳಸಿದ ‘ಇದ್ದಲ ಬೆಂಕಿ’ ಎಂಬ ಅರ್ಥದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಒಂದು ಇಲ್ಲಿ, ಇನ್ನೊಂದು, ಮಹಾಯಾಜಕನ ಅಂಗಳದಲ್ಲಿ ಪೇತ್ರನು ಚಳಿ ಕಾಯಿಸಿಕೊಳ್ಳುತ್ತ, ಆ ಮನುಷ್ಯನನ್ನು ನಾನರಿಯೆ ಎಂದ ರಾತ್ರಿಯಲ್ಲಿ. ಮೂರು ಸಲ ಅಲ್ಲಗಳೆದವನನ್ನು ಅಂಥದೇ ಬೆಂಕಿಯ ಪಕ್ಕ ಕೂರಿಸಿ, ಊಟ ಮುಗಿದ ಮೇಲೆ, ನೀನು ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದನು. ಬೈಗುಳವಿಲ್ಲ, ಹಳೆಯದನ್ನು ಎತ್ತಿ ಆಡಿದ್ದಿಲ್ಲ. ಕ್ಷಮೆ ಎಂದರೇನೆಂದು ಪಾಠ ಹೇಳಬೇಕಾದಾಗಲೆಲ್ಲ ನನಗೆ ಆ ದಡದ ಹೊಗೆಯ ವಾಸನೆ ನೆನಪಾಗುತ್ತದೆ.

ಪ್ರತಿವರ್ಷ ಕೇಳುವ ಇನ್ನೆರಡು ಪ್ರಶ್ನೆಗಳಿಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ಹಬ್ಬದ ದಿನಾಂಕ ಬದಲಾಗುವುದು ಅದು ಚಂದ್ರನನ್ನು ಅನುಸರಿಸುವುದರಿಂದ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. ಆದ್ದರಿಂದ ಅದು ಮಾರ್ಚ್ 22ಕ್ಕಿಂತ ಮೊದಲು, ಏಪ್ರಿಲ್ 25ರ ನಂತರ ಬರುವುದಿಲ್ಲ. ಹಳೆಯ ಜೂಲಿಯನ್ ಪಂಚಾಂಗವನ್ನು ಅನುಸರಿಸುವ ಪೂರ್ವದ ಸಭೆಗಳ (ಚರ್ಚುಗಳ) ಲೆಕ್ಕ ಬೇರೆ. 2025ರಲ್ಲಿ ಎಲ್ಲರಿಗೂ ಏಪ್ರಿಲ್ 20 ಒಂದೇ ದಿನವಾಗಿತ್ತು, 2026ರಲ್ಲಿ ನಮಗೆ ಏಪ್ರಿಲ್ 5, ಅವರಿಗೆ ಏಪ್ರಿಲ್ 12. ಎರಡನೆಯದು, ಗುಡ್ ಫ್ರೈಡೇ ದಿನ ‘ಹಾರ್ದಿಕ ಶುಭಾಶಯಗಳು’ ಎಂಬ ಫಲಕಗಳು. ‘ಶುಭ ಶುಕ್ರವಾರ’ ಎಂಬ ಹೆಸರು ನೋಡಿ ಹಾಗೆ ಬರೆಯುವವರ ಮೇಲೆ ನನಗೆ ಬೇಸರವಿಲ್ಲ, ಆದರೆ ಅದು ಉಪವಾಸದ, ಮೌನದ ದಿನ. ಶುಭಾಶಯವನ್ನು ಭಾನುವಾರಕ್ಕೆ ಕಾದಿರಿಸಿದರೆ ಸಂತೋಷ.

ಈಗ, ಈ ನಂಬಿಕೆ ನಮ್ಮ ಊರಿನಲ್ಲಿ ಕಣ್ಣಿಗೆ ಕಾಣುವ ಜಾಗದ ಬಗ್ಗೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಸ್ಥಾಪಿಸಿದ, ಇಂದು ದಕ್ಷಿಣ ಭಾರತ ಸಭೆಗೆ ಸೇರಿರುವ ಸಭೆ ನಮ್ಮದು. ಇದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ಮೊದಲ ಹೆಜ್ಜೆ ಇಟ್ಟವರು; ಕನ್ನಡ ಪತ್ರಿಕೆಗೆ ಈ ಪತ್ರ ಬರೆಯುವಾಗ ಅದನ್ನು ನೆನೆಯದಿರಲಾರೆ. ಈಸ್ಟರ್ ದಿನ ಬೆಳಕು ಹರಿಯುವ ಮೊದಲೇ ನಾವು ಸೇರುವುದು ಸಮಾಧಿ ಸ್ಥಳದಲ್ಲಿ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯ ಯುವಕರು ಹೀಗೆ ಈಸ್ಟರ್ ಮುಂಜಾನೆ ಊರ ಸ್ಮಶಾನಕ್ಕೆ ಹೋಗಿ ಹಾಡಿದರು. ಆ ರೂಢಿ ಮುಂದೆ ಬೇರೆ ಬೇರೆ ಸಭೆಗಳಿಗೂ ಹಬ್ಬಿತು. ಹಿಂದಿನ ದಿನವೇ ಮನೆಮಂದಿ ಕತ್ತಿ, ಪೊರಕೆ ಹಿಡಿದು ಹೋಗಿ, ಮುರಕಲ್ಲಿನ ಗೋಡೆಯ ಒಳಗೆ ಬೆಳೆದ ಮುಳ್ಳನ್ನು ಸವರಿ, ಕಲ್ಲುಗಳ ಮೇಲಿನ ಪಾಚಿ ಉಜ್ಜಿ, ಸುಣ್ಣ ಬಳಿದು ಬರುತ್ತೇವೆ. ಬೆಳಿಗ್ಗೆ ಅಬ್ಬಲಿಗೆ, ಸೇವಂತಿಗೆಯ ಮಾಲೆ, ಒಂದೊಂದು ಮೇಣದಬತ್ತಿ. ಮೂಲೆಯ ಗೇರು ಮರದಿಂದ ಹಣ್ಣಾಗಿ ಬಿದ್ದ ಗೇರುಹಣ್ಣಿನ ವಾಸನೆ ಆ ಹೊತ್ತಿನಲ್ಲಿ ಗಾಢವಾಗಿರುತ್ತದೆ.

ಅಲ್ಲಿನ ಹಳೆಯ ಕಲ್ಲುಗಳ ಮೇಲೆ ‘ಮರಣ ಹೊಂದಿದರು’ ಎಂದು ಇರುವುದು ಕಡಿಮೆ. ‘ಕರ್ತನಲ್ಲಿ ನಿದ್ರೆಹೋದರು’ ಎಂದು ಕೆತ್ತಿರುತ್ತದೆ. ಮೊದಲ ಶತಮಾನಗಳ ಕ್ರೈಸ್ತರು ತಮ್ಮ ಸಮಾಧಿ ಸ್ಥಳಗಳಿಗೆ ‘ಕೊಯಿಮೆತೇರಿಯೊನ್’, ಎಂದರೆ ಮಲಗುವ ಮನೆ, ಎಂಬ ಗ್ರೀಕ್ ಹೆಸರಿಟ್ಟಿದ್ದರು. ಅದೇ ಮುಂದೆ ‘ಸೆಮೆಟರಿ’ ಆಯಿತು. ಮಲಗಿದವರಾದರೆ ಏಳಲೇಬೇಕು ಎಂಬ ಲೆಕ್ಕ ಅದು. ಕನ್ನಡದಲ್ಲಿ ಹೂಳುವುದಕ್ಕೆ ‘ಮಣ್ಣು ಮಾಡುವುದು’ ಎನ್ನುತ್ತೇವೆ. ಪೌಲನು ಆರಿಸಿಕೊಂಡ ಮಾತು ‘ಬಿತ್ತುವುದು’. ಅಳಿಯುವ ದೇಹವಾಗಿ ಬಿತ್ತಲ್ಪಟ್ಟದ್ದು ಅಳಿಯದ ದೇಹವಾಗಿ ಏಳುತ್ತದೆ, ಬೀಜ ಸಾಯದೆ ಪೈರು ಬರುವುದಿಲ್ಲ ಎಂದು ಅವನು ಕೊರಿಂಥದವರಿಗೆ ತಿಳಿಹೇಳುತ್ತಾನೆ. ಈ ಭಾವನೆಯ ಕಾರಣದಿಂದಲೇ ಕ್ರೈಸ್ತರು ಬಹುಕಾಲ ಸುಡುವುದನ್ನು ಒಪ್ಪಲಿಲ್ಲ. ಕಥೋಲಿಕ ಸಭೆ 1963ರಲ್ಲಿ ದಹನಕ್ಕೆ ಅವಕಾಶ ಕೊಟ್ಟಿತಾದರೂ, 2016ರ ಸೂಚನೆಯಲ್ಲಿ ಹೂಳುವುದೇ ಮೇಲೆಂದೂ, ಸುಟ್ಟರೆ ಬೂದಿಯನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದೂ ಹೇಳಿದೆ. ದೇವರಿಗೆ ಬೂದಿಯಿಂದ ಎಬ್ಬಿಸುವುದು ಕಷ್ಟವೆಂದು ಯಾರೂ ಭಾವಿಸಿಲ್ಲ. ದೇಹವು ಬಳಸಿ ಬಿಸಾಡುವ ವಸ್ತುವಲ್ಲ ಎಂಬ ಗೌರವವಷ್ಟೇ ಅದರ ಹಿಂದಿದೆ.

ನನ್ನ ಅಮ್ಮನ ಸಮಾಧಿ ಅಲ್ಲಿ ಮೂರನೆಯ ಸಾಲಿನಲ್ಲಿದೆ. ಕುಚ್ಚಲಕ್ಕಿಗಾಗಿ ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದಾಗ ಕುದಿನೀರು ಚೆಲ್ಲಿ ಅವರ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತ್ತು. ನಾನಾಗ ಎರಡನೆಯ ತರಗತಿ. ಆ ಕಲೆ ಕೊನೆಯವರೆಗೂ ಹೋಗಲಿಲ್ಲ. ಜ್ವರ ಬಂದಾಗ ನನ್ನ ಹಣೆ ಮುಟ್ಟಿ ನೋಡುತ್ತಿದ್ದದ್ದು ಅದೇ ಕೈ. ಪೆಟ್ಟಿಗೆಯಲ್ಲಿ ಮಲಗಿಸಿದಾಗ ಎದೆಯ ಮೇಲೆ ಮಡಿಸಿಟ್ಟ ಆ ಕೈಯನ್ನು ನಾನು ಬಹಳ ಹೊತ್ತು ನೋಡಿದೆ. ಪುನರುತ್ಥಾನದಲ್ಲಿ ದೇಹ ಹೇಗಿರುತ್ತದೆಂದು ಪೌಲನನ್ನೂ ಜನ ಕೇಳಿದ್ದರು. ಅವನೂ ಬೀಜದ ಉಪಮೆಯಾಚೆಗೆ ಹೆಚ್ಚು ಹೇಳಲಿಲ್ಲ, ನಾನೂ ಹೇಳಲಾರೆ. ಆದರೆ ತನ್ನ ಗಾಯಗಳನ್ನು ಉಳಿಸಿಕೊಂಡೇ ಎದ್ದವನು ನನ್ನ ಅಮ್ಮನನ್ನು ಎಬ್ಬಿಸುವಾಗ, ನನಗೆ ಗುರುತು ಸಿಗದ ಇನ್ನಾರನ್ನೋ ಎಬ್ಬಿಸುವುದಿಲ್ಲವೆಂದು ನಾನು ನಂಬಿದ್ದೇನೆ. ಮಗ್ದಲದ ಮರಿಯಳು ಅಳುತ್ತಿದ್ದ ಕಣ್ಣಿನಿಂದ ಅವನನ್ನು ತೋಟಗಾರನೆಂದುಕೊಂಡಾಗ, ಅವನು ಏನನ್ನೂ ವಿವರಿಸದೆ ಅವಳ ಹೆಸರು ಹಿಡಿದು ಕರೆದನಷ್ಟೇ. ಅಷ್ಟರಿಂದಲೇ ಅವಳಿಗೆ ಗೊತ್ತಾಯಿತು.

ಆದ್ದರಿಂದ ಈ ಸಲದ ಪುರವಣಿಯಲ್ಲಿ ‘ಪುನರುತ್ಥಾನ’ ಎಂದೇ ಅಚ್ಚು ಮಾಡಬೇಕೆಂದು, ಅದು ಭಾರವೆನಿಸಿದರೆ ‘ಕ್ರಿಸ್ತನು ಎದ್ದ ಹಬ್ಬ’ ಎಂದು ತಿಳಿಗನ್ನಡದಲ್ಲಿ ಬರೆಯಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಸೂರ್ಯೋದಯದ ಆರಾಧನೆಯಲ್ಲಿ ‘ಕ್ರಿಸ್ತನು ಎದ್ದಿದ್ದಾನೆ’ ಎಂದು ಸಭಾಪಾಲಕರು ಹೇಳಿದಾಗ ನಾವು ‘ನಿಜವಾಗಿ ಎದ್ದಿದ್ದಾನೆ’ ಎಂದು ಉತ್ತರಿಸುತ್ತೇವೆ. ಪಕ್ಕದ ಮನೆಯ ಹಿರಿಯರಿಗೆ ಈ ವಿಷಯವನ್ನೆಲ್ಲ ಮೊನ್ನೆ ಜಗಲಿಯಲ್ಲಿ ಕೂತು ಹೇಳಿದೆ. ಎಲ್ಲವನ್ನೂ ಕೇಳಿ, ತಾವೂ ಒಮ್ಮೆ ಬಂದು ನೋಡಬಹುದೇ ಎಂದರು. ಬೆಳಿಗ್ಗೆ ಐದಕ್ಕೆ ಸಮಾಧಿ ಸ್ಥಳದ ಗೇಟು ತೆರೆದಿರುತ್ತದೆ, ಟಾರ್ಚ್ ನಾನು ತರುತ್ತೇನೆ ಎಂದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ, ಉಡುಪಿ ಜಿಲ್ಲೆ